ಹೇಳಲಿಲ್ಲ, ಖಾಲಿ ಎಂದರು, ಸೊನ್ನೆ ಎಂದರು: ಆಟೊಮೇಷನ್ ಸ್ಕ್ರಿಪ್ಟ್‌ನ ಐಚ್ಛಿಕ ಆರ್ಗ್ಯುಮೆಂಟ್‌ಗಳು

ಪ್ರತಿದಿನ ಅವೇ ನಾಲ್ಕಾರು ವಿಂಡೋಗಳನ್ನು ತೆರೆದು, ಎಳೆದು, ಹಿಗ್ಗಿಸಿ, ಅವುಗಳ ಜಾಗದಲ್ಲಿ ಕೂರಿಸುವ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವುದರಿಂದಲೇ ಬಹಳ ಮಂದಿಯ ಡೆಸ್ಕ್‌ಟಾಪ್ ಆಟೊಮೇಷನ್ ಶುರುವಾಗುತ್ತದೆ. ಅಂಥ ಒಂದು ಸ್ಕ್ರಿಪ್ಟ್‌ಗೆ ‘ಜೋಡಿಸು’ ಎಂದು ಹೆಸರಿಡೋಣ. ಮೊದಲಿಗೆ ಅದಕ್ಕೆ ಒಂದೇ ಆರ್ಗ್ಯುಮೆಂಟ್ (ಕಮಾಂಡಿನ ಜೊತೆ ಕೊಡುವ ಮಾಹಿತಿ) ಸಾಕು: ಯಾವ ಅಪ್ಲಿಕೇಶನ್ ತೆರೆಯಬೇಕು ಎಂಬುದು. ಕ್ರಮೇಣ ಅಗಲ ಹೇಳಬೇಕೆನಿಸುತ್ತದೆ, ಎತ್ತರ ಹೇಳಬೇಕೆನಿಸುತ್ತದೆ, ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ, ವಿಂಡೋ ತೆರೆದುಕೊಳ್ಳುವವರೆಗೆ ಎಷ್ಟು ಸೆಕೆಂಡು ಕಾಯಬೇಕು ಎಂಬುದೆಲ್ಲ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದೂ ಪ್ರತಿ ಸಲ ಬೇಕಾಗುವುದಿಲ್ಲ. ಆದ್ದರಿಂದ ಎಲ್ಲವೂ ಐಚ್ಛಿಕ.

ಜೋಡಿಸು ಎಡಿಟರ್
ಜೋಡಿಸು ಎಡಿಟರ್ --ಅಗಲ 900
ಜೋಡಿಸು ಎಡಿಟರ್ --ಎಡ -1280 --ಮೇಲೆ 0 --ಕಾಯು 5

ನೋಡಲು ಸರಳ. ಆದರೆ ಸ್ಕ್ರಿಪ್ಟ್‌ನ ಒಳಗೆ ಹೋದರೆ ಒಂದು ಪ್ರಶ್ನೆ ಪ್ರತಿ ಸಾಲಿನಲ್ಲೂ ಎದುರಾಗುತ್ತದೆ: ಎರಡನೆಯ ಕಮಾಂಡಿನಲ್ಲಿ ಎತ್ತರ ಎಷ್ಟು? ‘ಡೀಫಾಲ್ಟ್ 700’, ಅಂದರೆ ಏನೂ ಹೇಳದಿದ್ದರೆ 700, ಎಂದು ಥಟ್ಟನೆ ಉತ್ತರಿಸಬಹುದು. ಆದರೆ ಎಡಿಟರ್ ಆಗಲೇ ತೆರೆದಿದ್ದು, ಬಳಸುವವರು ಅದರ ಎತ್ತರವನ್ನು ಕೈಯಾರೆ ಹೊಂದಿಸಿಕೊಂಡಿದ್ದರೆ? ಅಗಲ ಮಾತ್ರ ಬದಲಿಸು ಎಂದವರಿಗೆ ಎತ್ತರವನ್ನೂ ಬದಲಿಸಿ ಕೊಟ್ಟರೆ ಅದು ಉಪಕಾರವಲ್ಲ. ಇಲ್ಲಿ ‘ಎತ್ತರ 700’ ಎಂದು ಹೇಳಿದ್ದಕ್ಕೂ ಎತ್ತರದ ಮಾತೇ ಎತ್ತದೆ ಇದ್ದುದಕ್ಕೂ ವ್ಯತ್ಯಾಸವಿದೆ. ಐಚ್ಛಿಕ ಆರ್ಗ್ಯುಮೆಂಟ್‌ಗಳ ಕಷ್ಟವೆಲ್ಲ ಹುಟ್ಟುವುದು ಈ ವ್ಯತ್ಯಾಸವನ್ನು ತೀರಾ ಬೇಗ ಅಳಿಸಿ ಹಾಕುವುದರಿಂದ. ‘ಕೊಟ್ಟರೇ?’ ಎಂಬುದೊಂದು ಪ್ರಶ್ನೆ, ‘ಏನು ಕೊಟ್ಟರು?’ ಎಂಬುದು ಇನ್ನೊಂದು ಪ್ರಶ್ನೆ. ಎರಡಕ್ಕೂ ಒಂದೇ ಡಬ್ಬಿಯಲ್ಲಿ ಉತ್ತರ ಇಡಲು ಹೋದಾಗಲೆಲ್ಲ ಒಂದು ಉತ್ತರ ಕಳೆದುಹೋಗುತ್ತದೆ.

ಎಣಿಸಿ ಊಹಿಸುವ ದಾರಿ

ಹೆಸರಿಲ್ಲದೆ, ಬರೀ ಸ್ಥಾನದ ಮೇಲೆ ಅರ್ಥವಾಗುವ ಆರ್ಗ್ಯುಮೆಂಟ್‌ಗಳಿಂದ ಆರಂಭಿಸುವವರೇ ಹೆಚ್ಚು. ಮೊದಲನೆಯದು ಅಪ್ಲಿಕೇಶನ್, ಎರಡನೆಯದು ಅಗಲ, ಮೂರನೆಯದು ಎತ್ತರ. ಎತ್ತರ ಮಾತ್ರ ಬೇಕಾದವರು ಏನು ಮಾಡಬೇಕು? ಅಲ್ಲಿಗೆ ಜಾಣ ಸ್ಕ್ರಿಪ್ಟ್ ಬರೆಯುವ ಆಸೆ ಮೂಡುತ್ತದೆ: ಎರಡು ಆರ್ಗ್ಯುಮೆಂಟ್ ಬಂದರೆ ಇದು ಅರ್ಥ, ನಾಲ್ಕು ಬಂದರೆ ಅದು ಅರ್ಥ, ಅಂಕೆಯಿಂದ ಶುರುವಾದರೆ ಅಳತೆ, ಅಕ್ಷರದಿಂದ ಶುರುವಾದರೆ ಶೀರ್ಷಿಕೆ.

ಈ ದಾರಿಯಲ್ಲಿ ಹೋಗಿ ಹಿಂದಿರುಗಿದ ಉದಾಹರಣೆಯೊಂದು ಕಣ್ಣೆದುರಿಗೇ ಇದೆ. 2003ರಲ್ಲಿ ಹೊರಬಂದ ಆಟೊಹಾಟ್‌ಕೀ ವಿಂಡೋಸ್‌ನಲ್ಲಿ ಇಂಥ ಕೆಲಸಕ್ಕೆ ಬಹಳ ಜನ ಬಳಸುವ ಭಾಷೆ. ಅದರ ಮೊದಲ ಆವೃತ್ತಿಯಲ್ಲಿ ವಿಂಡೋವನ್ನು ಸರಿಸುವ ವಿನ್‌ಮೂವ್ ಕಮಾಂಡಿಗೆ ಎರಡೇ ಆರ್ಗ್ಯುಮೆಂಟ್ ಕೊಟ್ಟರೆ ಅವು ಅಡ್ಡ ಮತ್ತು ಉದ್ದ ಸ್ಥಾನಗಳು. ಅದಕ್ಕಿಂತ ಹೆಚ್ಚು ಕೊಟ್ಟರೆ ಮೊದಲನೆಯದು ವಿಂಡೋದ ಶೀರ್ಷಿಕೆ, ಎರಡನೆಯದು ವಿಂಡೋದೊಳಗಿನ ಪಠ್ಯ, ಸ್ಥಾನಗಳು ಮೂರನೆಯ ಮತ್ತು ನಾಲ್ಕನೆಯ ಮನೆಗೆ ಜಾರುತ್ತವೆ. ಅಗಲ ಅಥವಾ ಎತ್ತರವನ್ನು ಹಾಗೆಯೇ ಬಿಡಬೇಕೆಂದರೆ ಆ ಮನೆಯನ್ನು ಖಾಲಿ ಬಿಡಬಹುದಿತ್ತು, ಇಲ್ಲವೇ ‘ಡೀಫಾಲ್ಟ್’ ಎಂಬ ಪದವನ್ನೇ ಅಲ್ಲಿ ಬರೆಯಬಹುದಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಆವೃತ್ತಿ ಇದನ್ನೆಲ್ಲ ತೆಗೆದುಹಾಕಿತು. ಈಗ ಕ್ರಮ ಒಂದೇ: ಮೊದಲು ಸ್ಥಾನ, ಆಮೇಲೆ ಅಳತೆ, ಕೊನೆಗೆ ಶೀರ್ಷಿಕೆ. ಬೇಡದ್ದನ್ನು ಬಿಟ್ಟರೆ ಅದು ಬದಲಾಗುವುದಿಲ್ಲ. ‘ಡೀಫಾಲ್ಟ್’ ಪದಕ್ಕಿದ್ದ ವಿಶೇಷ ಮರ್ಯಾದೆಯೂ ಹೋಯಿತು.

ಎಣಿಕೆಯ ಮೇಲೆ ಅರ್ಥ ಬದಲಾಗುವ ಕಮಾಂಡ್ ಬರೆಯುವಾಗ ಚೆಂದ, ಓದುವಾಗ ಕಷ್ಟ. ಆರು ತಿಂಗಳ ಮೇಲೆ ಅದೇ ಸಾಲನ್ನು ನೋಡುವವರು ಅಲ್ಪವಿರಾಮಗಳನ್ನು ಬೆರಳಿಟ್ಟು ಎಣಿಸಬೇಕಾಗುತ್ತದೆ. ನನ್ನ ಮಟ್ಟಿಗೆ, ಕಡ್ಡಾಯವಾದ ಒಂದೆರಡನ್ನು ಮಾತ್ರ ಸ್ಥಾನಕ್ಕೆ ಬಿಟ್ಟು ಉಳಿದದ್ದಕ್ಕೆಲ್ಲ ಹೆಸರು ಕೊಡುವುದೇ ಸರಿ. ಟೈಪ್ ಮಾಡುವಾಗ ಉಳಿಯುವ ನಾಲ್ಕು ಅಕ್ಷರಗಳಿಗಾಗಿ ಊಹೆಯ ಯಂತ್ರ ಕಟ್ಟುವುದು ದುಬಾರಿ. ಆಟೊಮೇಷನ್ ಸ್ಕ್ರಿಪ್ಟ್‌ನ ಕಮಾಂಡನ್ನು ಮನುಷ್ಯ ಟೈಪ್ ಮಾಡುವುದೇ ಅಪರೂಪ; ಅದು ಶಾರ್ಟ್‌ಕಟ್‌ನಲ್ಲೋ ಟಾಸ್ಕ್ ಶೆಡ್ಯೂಲರ್‌ನಲ್ಲೋ ಒಮ್ಮೆ ಬರೆದಿಟ್ಟರೆ ವರ್ಷಗಟ್ಟಲೆ ತಾನೇ ಓಡುತ್ತದೆ.

ಮೈನಸ್ ಒಂದರ ಕಥೆ

ಹೆಸರು ಕೊಟ್ಟ ಮೇಲೂ ‘ಕೊಡಲಿಲ್ಲ’ ಎಂಬುದನ್ನು ಎಲ್ಲೋ ಬರೆದಿಡಬೇಕು. ಹಳೆಯ ಉಪಾಯವೆಂದರೆ ಯಾರೂ ಬಳಸಲಾರರು ಎನಿಸುವ ಒಂದು ಸಂಖ್ಯೆಯನ್ನು ಆ ಕೆಲಸಕ್ಕೆ ಮೀಸಲಿಡುವುದು. ಅಗಲಕ್ಕೆ -1 ಎಂದು ಹಾಕಿದರೆ ‘ಕೊಟ್ಟಿಲ್ಲ’ ಎಂದರ್ಥ. ಋಣ ಅಗಲ ಎಂಬುದು ಇಲ್ಲವಲ್ಲ, ಆದ್ದರಿಂದ ಅಲ್ಲಿ ತೊಂದರೆಯಿಲ್ಲ.

ಸ್ಥಾನಕ್ಕೆ ಈ ಮಾತು ಸಲ್ಲುವುದಿಲ್ಲ. ಎರಡು ಮಾನಿಟರ್ ಇರುವ ಡೆಸ್ಕ್‌ಟಾಪ್‌ನಲ್ಲಿ ಮುಖ್ಯ ಪರದೆಯ ಎಡ ಮೇಲ್ತುದಿ ಸೊನ್ನೆ, ಸೊನ್ನೆ. ಎರಡನೆಯ ಮಾನಿಟರನ್ನು ಅದರ ಎಡಕ್ಕೆ ಇಟ್ಟರೆ ವಿಂಡೋಸ್‌ನಲ್ಲಿ ಅದರ ಮೇಲಿನ ಪ್ರತಿ ಬಿಂದುವಿನ ಅಡ್ಡ ಸ್ಥಾನವೂ ಋಣಸಂಖ್ಯೆಯೇ. 1280 ಪಿಕ್ಸೆಲ್ ಅಗಲದ ಪರದೆಯಾದರೆ ಅದು -1280ರಿಂದ ಶುರುವಾಗಿ -1ಕ್ಕೆ ಮುಗಿಯುತ್ತದೆ. ಅಂದರೆ -1 ಎಂಬುದು ಅಲ್ಲಿ ನಿಜವಾದ ಜಾಗ.

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಕಮಾಂಡಿನಿಂದ ಸರಿಸಲು ಬಳಸುವ ಡಬ್ಲ್ಯುಎಂಕಂಟ್ರೋಲ್ ಎಂಬ ಸಲಕರಣೆ -1ರ ದಾರಿಯನ್ನೇ ಹಿಡಿದಿದೆ. ಅದಕ್ಕೆ ಸ್ಥಾನ ಮತ್ತು ಅಳತೆಯ ನಾಲ್ಕೂ ಸಂಖ್ಯೆಗಳನ್ನು ಒಟ್ಟಿಗೆ ಕೊಡಬೇಕು; ಯಾವುದರಲ್ಲಿ -1 ಇದೆಯೋ ಅದನ್ನು ಈಗಿರುವಂತೆಯೇ ಬಿಡು ಎಂದು ಅದರ ಕೈಪಿಡಿ ಹೇಳುತ್ತದೆ. ಪರಿಣಾಮವಾಗಿ ವಿಂಡೋವನ್ನು ಸರಿಯಾಗಿ -1 ಎಂಬ ಸ್ಥಾನದಲ್ಲಿ ನಿಲ್ಲಿಸು ಎಂದು ಅದಕ್ಕೆ ಹೇಳುವ ಮಾರ್ಗವೇ ಇಲ್ಲ. -2 ಆಗಬಹುದು, ಸೊನ್ನೆ ಆಗಬಹುದು. ಕೈಯಿಂದ ಬಳಸುವವರಿಗೆ ಇದು ಎಂದೂ ಕಾಡದ ವಿಷಯ. ಆದರೆ ಸ್ಥಾನವನ್ನು ಲೆಕ್ಕ ಹಾಕಿ ಕೊಡುವ ಸ್ಕ್ರಿಪ್ಟ್‌ನಲ್ಲಿ, ಲೆಕ್ಕದ ಉತ್ತರ -1 ಬಂದ ದಿನ ವಿಂಡೋ ಅಲುಗಾಡುವುದಿಲ್ಲ, ಯಾವ ದೋಷವೂ ಕಾಣಿಸುವುದಿಲ್ಲ.

ವಿಂಡೋಸ್‌ನ ಮೂಲ ಫಂಕ್ಷನ್‌ಗಳಲ್ಲಿ ಮೀಸಲು ಸಂಖ್ಯೆಯನ್ನು ಇನ್ನಷ್ಟು ದೂರ ತಳ್ಳಿದ್ದಾರೆ. ಹೊಸ ವಿಂಡೋವನ್ನು ಎಲ್ಲಿಡಬೇಕು ಎಂಬುದನ್ನು ಸಿಸ್ಟಮ್‌ಗೇ ಬಿಡಲು ಸಿಡಬ್ಲ್ಯು_ಯೂಸ್‌ಡೀಫಾಲ್ಟ್ ಎಂಬ ಹೆಸರಿದೆ. ಅದರ ಬೆಲೆ -2147483648, ಅಂದರೆ 32 ಬಿಟ್‌ನಲ್ಲಿ ಹಿಡಿಸುವ ಅತಿ ಚಿಕ್ಕ ಪೂರ್ಣಾಂಕ. ಅಷ್ಟು ಎಡಕ್ಕೆ ಯಾರೂ ಮಾನಿಟರ್ ಇಡುವುದಿಲ್ಲ ಎಂಬ ಧೈರ್ಯ.

ಇವೆರಡಕ್ಕಿಂತ ನನಗೆ ಹಿಡಿಸಿದ್ದು ಯುನಿಕ್ಸ್, ಲಿನಕ್ಸ್‌ಗಳಲ್ಲಿ ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಪರಿಹಾರ. ಅದರ ಹನ್ನೊಂದನೆಯ ಆವೃತ್ತಿ 1987ರದು. ಅಲ್ಲಿನ ಪ್ರೋಗ್ರಾಂಗಳಿಗೆ ಅಳತೆ ಮತ್ತು ಸ್ಥಾನವನ್ನು ಒಂದೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕೊಡುವ ರೂಢಿಯಿದೆ, ಅದರ ಯಾವ ಭಾಗವನ್ನಾದರೂ ಬಿಡಬಹುದು. ಸ್ಥಾನಕ್ಕೆ +0+0 ಎಂದು ಬರೆದರೆ ಎಡ ಮೇಲ್ತುದಿಗೆ ಅಂಟಿಸು ಎಂದರ್ಥ. -0+0 ಎಂದು ಬರೆದರೆ ಬಲ ಮೇಲ್ತುದಿಗೆ ಅಂಟಿಸು ಎಂದರ್ಥ. ಸೊನ್ನೆಗೆ ಮೈನಸ್ ಹಾಕಿದರೆ ಪೂರ್ಣಾಂಕದಲ್ಲಿ ಅದು ಸೊನ್ನೆಯೇ. ಸಂಖ್ಯೆಯಾಗಿ ಬದಲಿಸಿದ ಕೂಡಲೇ ಬಲ ಎಂಬ ಮಾಹಿತಿ ಮಾಯ. ಆದ್ದರಿಂದ ಈ ಸ್ಟ್ರಿಂಗನ್ನು ಬಿಡಿಸುವ ಎಕ್ಸ್‌ಪಾರ್ಸ್‌ಜಾಮೆಟ್ರಿ ಎಂಬ ಫಂಕ್ಷನ್ ನಾಲ್ಕು ಸಂಖ್ಯೆಗಳನ್ನು ಕೊಡುವುದರ ಜೊತೆಗೆ ಒಂದು ಗುರುತಿನ ಗುಚ್ಛವನ್ನೂ ಹಿಂದಿರುಗಿಸುತ್ತದೆ: ಅಗಲ ಇತ್ತು, ಎತ್ತರ ಇರಲಿಲ್ಲ, ಅಡ್ಡ ಸ್ಥಾನ ಇತ್ತು, ಅದಕ್ಕೆ ಮೈನಸ್ ಚಿಹ್ನೆ ಇತ್ತು. ‘ಕೊಟ್ಟರೇ?’ ಎಂಬುದಕ್ಕೆ ಒಂದು ಜಾಗ, ‘ಏನು?’ ಎಂಬುದಕ್ಕೆ ಇನ್ನೊಂದು ಜಾಗ. ಮೀಸಲು ಸಂಖ್ಯೆಯ ಅಗತ್ಯವೇ ಬೀಳುವುದಿಲ್ಲ.

ಭಾಷೆಗಳು ಕೊಡುವ ಸಲಕರಣೆ

ಇಂದಿನ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಆ ಗುರುತಿನ ಗುಚ್ಛವನ್ನು ಕೈಯಿಂದ ಕಟ್ಟಬೇಕಿಲ್ಲ. ಆದರೆ ಒಂದೊಂದು ಭಾಷೆ ಒಂದೊಂದು ಥರ ನಡೆದುಕೊಳ್ಳುತ್ತದೆ.

ಆಟೊಹಾಟ್‌ಕೀಯ ಹಳೆಯ ಆವೃತ್ತಿಯಲ್ಲಿ ಬೆಲೆ ಕೊಡದ ವೇರಿಯಬಲ್ ಎಂದರೆ ಖಾಲಿ ಸ್ಟ್ರಿಂಗ್. ಹೀಗಾಗಿ ‘ಶೀರ್ಷಿಕೆ ಹೇಳಲಿಲ್ಲ’ ಎಂಬುದೂ ‘ಶೀರ್ಷಿಕೆ ಖಾಲಿ ಇರುವ ವಿಂಡೋ ಬೇಕು’ ಎಂಬುದೂ ಒಂದೇ ಆಗಿಬಿಡುತ್ತಿತ್ತು. ಹೊಸ ಆವೃತ್ತಿಯಲ್ಲಿ ಫಂಕ್ಷನ್‌ನ ಪ್ಯಾರಾಮೀಟರ್ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅದು ಐಚ್ಛಿಕ. ಕೊಡದಿದ್ದರೆ ಅದಕ್ಕೆ ಬೆಲೆಯೇ ಇರುವುದಿಲ್ಲ. ಈಸ್‌ಸೆಟ್ ಎಂದು ಕೇಳಿ ತಿಳಿದುಕೊಳ್ಳಬೇಕು. ಕೇಳದೆ ಬಳಸಲು ಹೋದರೆ ಸ್ಕ್ರಿಪ್ಟ್ ದೋಷ ತೋರಿಸಿ ನಿಲ್ಲುತ್ತದೆ, ಅದೇ ಒಳ್ಳೆಯದು. ಇನ್ನೊಂದು ಅನುಕೂಲವೂ ಇದೆ: ಒಂದು ಫಂಕ್ಷನ್ ತನಗೆ ಬಂದ ಐಚ್ಛಿಕ ಆರ್ಗ್ಯುಮೆಂಟನ್ನು ಒಳಗಿನ ಇನ್ನೊಂದು ಫಂಕ್ಷನ್‌ಗೆ ದಾಟಿಸುವಾಗಲೂ ಅದೇ ಪ್ರಶ್ನಾರ್ಥಕ ಚಿಹ್ನೆ ಬಳಸಿದರೆ ‘ಕೊಟ್ಟಿಲ್ಲ’ ಎಂಬ ಸ್ಥಿತಿಯೂ ಹಾಗೆಯೇ ದಾಟಿಹೋಗುತ್ತದೆ. ‘ಜೋಡಿಸು’ ಬರೆಯುವವರಿಗೆ ಇದು ದೊಡ್ಡ ಸಹಾಯ. ಅಗಲ ಮಾತ್ರ ಬಂದಿದ್ದರೆ ವಿನ್‌ಮೂವ್‌ಗೂ ಅಗಲ ಮಾತ್ರ ಹೋಗುತ್ತದೆ, ನಡುವೆ ಒಂದು ‘ಇದ್ದರೆ, ಇಲ್ಲದಿದ್ದರೆ’ಯೂ ಬೇಡ.

ಆಟೊಇಟ್ ಎಂಬ ಇನ್ನೊಂದು ವಿಂಡೋಸ್ ಆಟೊಮೇಷನ್ ಭಾಷೆಯಲ್ಲಿ ಡೀಫಾಲ್ಟ್ ಎಂಬುದೇ ಒಂದು ಕೀವರ್ಡ್. ನಡುವಿನ ಆರ್ಗ್ಯುಮೆಂಟನ್ನು ಬಿಡಬೇಕಾದಾಗ ಅದನ್ನು ಬರೆಯುತ್ತಾರೆ. ಇಲ್ಲೊಂದು ಬಲೆಯಿದೆ. ಭಾಷೆಯ ಜೊತೆಗೇ ಬರುವ ಫಂಕ್ಷನ್‌ಗಳು ಅದನ್ನು ಅರ್ಥ ಮಾಡಿಕೊಳ್ಳುತ್ತವೆ, ಆದರೆ ನೀವೇ ಬರೆದ ಫಂಕ್ಷನ್‌ಗೆ ಅದನ್ನು ಕೊಟ್ಟರೆ ಒಳಗೆ ಬರುವುದು ಆ ಕೀವರ್ಡೇ ಹೊರತು ನೀವು ಪ್ಯಾರಾಮೀಟರ್‌ನಲ್ಲಿ ಬರೆದ ಡೀಫಾಲ್ಟ್ ಬೆಲೆಯಲ್ಲ. ಬಂದದ್ದು ಡೀಫಾಲ್ಟ್ ಕೀವರ್ಡೇ ಎಂದು ನೀವೇ ಪರೀಕ್ಷಿಸಿ ಬೆಲೆ ತುಂಬಬೇಕು.

ಎಕ್ಸೆಲ್‌ನಂಥ ಅಪ್ಲಿಕೇಶನ್‌ಗಳನ್ನು ಹೊರಗಿನಿಂದ ನಡೆಸುವವರಿಗೆ ಈ ತಲೆನೋವು ಬೇರೆ ರೂಪದಲ್ಲಿ ಪರಿಚಿತ. ಎಕ್ಸೆಲ್‌ನಲ್ಲಿ ಒಂದು ಫೈಲ್ ತೆರೆಯುವ ಮೆಥಡ್‌ಗೆ 15 ಪ್ಯಾರಾಮೀಟರ್‌ಗಳಿವೆ, ಫೈಲಿನ ಹೆಸರೊಂದನ್ನು ಬಿಟ್ಟರೆ ಉಳಿದ 14ರ ಗೊಡವೆ ಸಾಮಾನ್ಯವಾಗಿ ಯಾರಿಗೂ ಬೇಡ. 2010ರಲ್ಲಿ ಸಿ ಶಾರ್ಪ್‌ನ ನಾಲ್ಕನೆಯ ಆವೃತ್ತಿ ಬರುವವರೆಗೆ ಆ ಭಾಷೆಯಲ್ಲಿ ಬರೆಯುವವರು ‘ಇದು ಇಲ್ಲ’ ಎಂಬ ವಿಶೇಷ ವಸ್ತುವನ್ನು 14 ಸಲ ಬರೆದು ಫೈಲ್ ತೆರೆಯುತ್ತಿದ್ದರು. ಹೆಸರಿನಿಂದ ಆರ್ಗ್ಯುಮೆಂಟ್ ಕೊಡುವ ಸೌಲಭ್ಯ ಬಂದ ಮೇಲೆ ಅದು ಒಂದೇ ಸಾಲಾಯಿತು. ಎಕ್ಸೆಲ್‌ನೊಳಗಿನ ವಿಬಿಎ ಭಾಷೆಯಲ್ಲಿ ‘ಕೊಟ್ಟಿಲ್ಲವೇ?’ ಎಂದು ಕೇಳಲು ಈಸ್‌ಮಿಸಿಂಗ್ ಇದೆ, ಆದರೆ ಅದು ಸರಿಯಾದ ಉತ್ತರ ಕೊಡುವುದು ಯಾವ ಬಗೆಯ ಬೆಲೆಯನ್ನಾದರೂ ಹಿಡಿಯಬಲ್ಲ ವೇರಿಯಂಟ್ ಮಾದರಿಯ ಪ್ಯಾರಾಮೀಟರ್‌ಗೆ ಮಾತ್ರ. ಐಚ್ಛಿಕ ಎತ್ತರವನ್ನು ಪೂರ್ಣಾಂಕ ಎಂದು ಘೋಷಿಸಿದರೆ, ಕೊಡದೆ ಇದ್ದಾಗ ಸದ್ದಿಲ್ಲದೆ ಅಲ್ಲಿ ಸೊನ್ನೆ ಕೂರುತ್ತದೆ, ಈಸ್‌ಮಿಸಿಂಗ್ ‘ಇಲ್ಲ, ಕೊಟ್ಟಿದ್ದಾರೆ’ ಎನ್ನುತ್ತದೆ. ಮಾದರಿಯನ್ನು ಖಚಿತಪಡಿಸಲು ಹೋಗಿ ಮಾಹಿತಿ ಕಳೆದುಕೊಂಡಂತೆ.

ಪೈಥಾನ್‌ನಲ್ಲಿ ರೂಢಿಯ ಉತ್ತರ ನನ್ (None), ಅಂದರೆ ‘ಏನೂ ಇಲ್ಲ’ ಎಂಬ ವಿಶೇಷ ಬೆಲೆ. ಡೀಫಾಲ್ಟ್ ನನ್ ಎಂದಿಟ್ಟು, ಒಳಗೆ ಅದು ನನ್ ಆಗಿದ್ದರೆ ಬೆಲೆ ತುಂಬುವುದು. ಇದು ನೂರಕ್ಕೆ ತೊಂಬತ್ತು ಪಾಲು ಸಾಕು. ಆದರೆ ತುಂಬುವ ಸಾಲನ್ನು ಬರೆಯುವ ರೀತಿಯಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ‘ಕಾಯು ಅಥವಾ 10’ ಎಂಬ ಅಡ್ಡದಾರಿಯನ್ನು ಗಮನಿಸಿ: ಎಡಗಡೆಯದು ಸುಳ್ಳಿಗೆ ಸಮವಾದರೆ ಬಲಗಡೆಯ 10 ತೆಗೆದುಕೋ ಎಂಬುದು ಅದರ ಅರ್ಥ. ಪೈಥಾನ್‌ಗೆ ನನ್ ಸುಳ್ಳು, ಖಾಲಿ ಸ್ಟ್ರಿಂಗ್ ಸುಳ್ಳು, ಸೊನ್ನೆಯೂ ಸುಳ್ಳು. ಹೀಗಾಗಿ ಕಾಯುವುದೇ ಬೇಡ ಎಂದು --ಕಾಯು 0 ಕೊಟ್ಟವರು ಹತ್ತು ಸೆಕೆಂಡು ಕಾಯುತ್ತಾರೆ. ಡೆಸ್ಕ್‌ಟಾಪ್‌ನಲ್ಲಿ ಸೊನ್ನೆ ಅಪರೂಪದ ಸಂಖ್ಯೆಯಲ್ಲ, ಬಹುಶಃ ಅದೇ ಅತಿ ಹೆಚ್ಚು ಬಳಕೆಯಾಗುವ ಸಂಖ್ಯೆ; ಪರದೆಯ ಅಂಚು ಎಂದರೆ ಸೊನ್ನೆ. ‘ಎಡ ಇದ್ದರೆ ವಿಂಡೋ ಸರಿಸು’ ಎಂದು ಬರೆದ ಸ್ಕ್ರಿಪ್ಟ್ ಎಲ್ಲ ಕಡೆಗೂ ವಿಂಡೋ ಸರಿಸುತ್ತದೆ, ಎಡ ಅಂಚಿಗೆ ಮಾತ್ರ ಸರಿಸುವುದಿಲ್ಲ. ‘ನನ್ ಅಲ್ಲದಿದ್ದರೆ’ ಎಂದು ಬಾಯಿಬಿಟ್ಟು ಬರೆಯಬೇಕು.

ಇನ್ನು ನನ್‌ಗೇ ಒಂದು ಅರ್ಥ ಇದ್ದರೆ? ಕಾಯುವ ಸಮಯಕ್ಕೆ ನನ್ ಕೊಟ್ಟರೆ ‘ಎಷ್ಟು ಹೊತ್ತಾದರೂ ಕಾಯುತ್ತಿರು’ ಎಂದು ಪೈಥಾನ್‌ನ ಹಲವು ಫಂಕ್ಷನ್‌ಗಳು ತಿಳಿಯುತ್ತವೆ. ಆಗ ‘ಹೇಳಲಿಲ್ಲ’ ಎಂಬುದಕ್ಕೆ ಬೇರೊಂದು ಗುರುತು ಬೇಕು. ಯಾರಿಗೂ ಸಿಗದ ಒಂದು ಬರಿಯ ಆಬ್ಜೆಕ್ಟ್ ಸೃಷ್ಟಿಸಿ, ಅದಕ್ಕೆ ‘ಕೊಟ್ಟಿಲ್ಲ’ ಎಂದೇ ಹೆಸರಿಟ್ಟು, ಡೀಫಾಲ್ಟ್ ಆಗಿ ಅದನ್ನೇ ಬಳಸುವುದು ರೂಢಿ. ಅದಕ್ಕೆ ಸಮವಾದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲವಾದ್ದರಿಂದ ಯಾವ ನಿಜವಾದ ಬೆಲೆಯೊಂದಿಗೂ ಅದು ಕಲೆಯುವುದಿಲ್ಲ.

ಪೈಥಾನ್‌ನ ಡೀಫಾಲ್ಟ್ ಬೆಲೆಯನ್ನು ಲೆಕ್ಕ ಹಾಕುವುದು ಫಂಕ್ಷನ್ ಘೋಷಣೆಯಾದಾಗ, ಒಂದೇ ಒಂದು ಸಲ. ಖಾಲಿ ಪಟ್ಟಿಯನ್ನು ಡೀಫಾಲ್ಟ್ ಆಗಿ ಇಡಬೇಡಿ ಎಂಬ ಎಚ್ಚರಿಕೆಯನ್ನು ಎಲ್ಲರೂ ಕೇಳಿರುತ್ತಾರೆ. ಅದೇ ಕಾರಣಕ್ಕೆ ‘ಈಗಿನ ಸಮಯ’ವನ್ನೂ ಡೀಫಾಲ್ಟ್ ಆಗಿ ಇಡಬಾರದು. ದಿನಗಟ್ಟಲೆ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್ ಸ್ಕ್ರೀನ್‌ಶಾಟ್‌ಗೆ ಇಂದಿನ ದಿನಾಂಕದ ಹೆಸರು ಕೊಡಬೇಕಿದ್ದರೆ, ಶುರುವಾದ ದಿನದ ಹೆಸರನ್ನೇ ಕೊಡುತ್ತ ಹಳೆಯ ಚಿತ್ರದ ಮೇಲೆ ಹೊಸದನ್ನು ಬರೆಯುತ್ತದೆ.

ಹೆಸರು ಇದೆ, ಬೆಲೆ ಇಲ್ಲ

ಇಲ್ಲಿಯವರೆಗೆ ಎರಡು ಸ್ಥಿತಿಗಳಿದ್ದವು. ಮೂರನೆಯದೂ ಉಂಟು. ‘ಜೋಡಿಸು’ಗೆ ಮಾಡಿದ ಕೆಲಸದ ದಾಖಲೆ ಬರೆದಿಡಲು --ಲಾಗ್ ಎಂಬ ಆಯ್ಕೆ ಸೇರಿಸಿದ್ದೇವೆ ಎಂದುಕೊಳ್ಳಿ. ಅದನ್ನು ಬರೆಯದಿದ್ದರೆ ಲಾಗ್ ಬೇಡ. --ಲಾಗ್ ಎಂದಷ್ಟೇ ಬರೆದರೆ ರೂಢಿಯ ಫೈಲಿಗೆ ಬರೆಯಲಿ. ಮುಂದೆ ಫೈಲಿನ ಹೆಸರೂ ಇದ್ದರೆ ಆ ಫೈಲಿಗೆ ಬರೆಯಲಿ. ಆಯ್ಕೆಯೂ ಐಚ್ಛಿಕ, ಅದರ ಬೆಲೆಯೂ ಐಚ್ಛಿಕ.

ಪೈಥಾನ್‌ನ ಆರ್ಗ್‌ಪಾರ್ಸ್ ಲೈಬ್ರರಿ (ಕಮಾಂಡಿನ ಆರ್ಗ್ಯುಮೆಂಟ್‌ಗಳನ್ನು ಓದಿ ಬಿಡಿಸುವುದು ಇದರ ಕೆಲಸ) ಇದಕ್ಕೆಂದೇ ಎರಡು ಪ್ರತ್ಯೇಕ ಬೆಲೆಗಳನ್ನು ಕೇಳುತ್ತದೆ: ಆಯ್ಕೆಯೇ ಇಲ್ಲದಿದ್ದರೆ ಬಳಸುವ ಡೀಫಾಲ್ಟ್, ಆಯ್ಕೆ ಇದ್ದು ಬೆಲೆ ಇಲ್ಲದಿದ್ದರೆ ಬಳಸುವ ಕಾನ್‌ಸ್ಟ್. ಚೆನ್ನಾಗಿಯೇ ಇದೆ. ಈಗ ಈ ಕಮಾಂಡ್ ನೋಡಿ:

ಜೋಡಿಸು --ಲಾಗ್ ಎಡಿಟರ್

ಬರೆದವರ ಮನಸ್ಸಿನಲ್ಲಿ ಲಾಗ್ ಬರಲಿ, ಎಡಿಟರ್ ತೆರೆಯಲಿ ಎಂದಿತ್ತು. ಲೈಬ್ರರಿಯ ದೃಷ್ಟಿಯಲ್ಲಿ ‘ಎಡಿಟರ್’ ಎಂಬುದು ಲಾಗ್ ಫೈಲಿನ ಹೆಸರು, ಮತ್ತು ಯಾವ ಅಪ್ಲಿಕೇಶನ್ ಎಂಬುದನ್ನು ಯಾರೂ ಹೇಳಿಲ್ಲ. ಇದರಲ್ಲಿ ಲೈಬ್ರರಿಯ ತಪ್ಪಿಲ್ಲ, ವಾಕ್ಯಕ್ಕೇ ಎರಡು ಅರ್ಥವಿದೆ.

ಈ ದ್ವಂದ್ವವನ್ನು ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ನು ಸಲಕರಣೆಗಳು ಕಟ್ಟುನಿಟ್ಟಾಗಿ ಬಗೆಹರಿಸಿವೆ: ಬೆಲೆ ಐಚ್ಛಿಕವಾಗಿದ್ದರೆ ಅದನ್ನು ಸಮ ಚಿಹ್ನೆಯಿಂದ ಆಯ್ಕೆಗೆ ಅಂಟಿಸಿಯೇ ಬರೆಯಬೇಕು. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡಿನ ಬಣ್ಣದ ಆಯ್ಕೆಗೆ ಸ್ಪೇಸ್ ಬಿಟ್ಟು ‘ಯಾವಾಗಲೂ’ ಎಂಬ ಅರ್ಥದ ಆಲ್ವೇಸ್ ಪದವನ್ನು ಬರೆದರೆ, ಅದು ಆಲ್ವೇಸ್ ಎಂಬ ಹೆಸರಿನ ಫೈಲನ್ನು ಹುಡುಕಲು ಹೊರಡುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಂದು ಮಾಡಿದ ಪಾಸಿಕ್ಸ್ ಮಾನದಂಡದ ಏಳನೆಯ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಯ್ಕೆಯ ಬೆಲೆ ಐಚ್ಛಿಕವಾಗಿರಲೇಬಾರದು ಎನ್ನುತ್ತದೆ. ನಾನೂ ಆ ಪಕ್ಷದವನೇ. --ಲಾಗ್ ಒಂದು, --ಲಾಗ್‌ಫೈಲ್ ಇನ್ನೊಂದು ಎಂದು ಎರಡು ಆಯ್ಕೆ ಮಾಡಿದರೆ ಹೋಗುವುದು ಹೆಲ್ಪ್‌ನಲ್ಲಿ ಒಂದು ಸಾಲು ಮಾತ್ರ.

ಸಮ ಚಿಹ್ನೆಯ ಉಪಯೋಗ ಇಷ್ಟಕ್ಕೇ ಮುಗಿಯುವುದಿಲ್ಲ. ಎಡ ಮಾನಿಟರ್‌ನ ಋಣಸಂಖ್ಯೆಗಳು ಇಲ್ಲಿ ಮತ್ತೆ ಎದುರಾಗುತ್ತವೆ, ಏಕೆಂದರೆ ಅವು ಹೈಫನ್‌ನಿಂದ ಶುರುವಾಗುತ್ತವೆ, ಆಯ್ಕೆಗಳೂ ಹೈಫನ್‌ನಿಂದಲೇ ಶುರುವಾಗುತ್ತವೆ. --ಎಡ -1280 ಎಂಬುದನ್ನು ಆರ್ಗ್‌ಪಾರ್ಸ್ ಸರಿಯಾಗಿಯೇ ಓದುತ್ತದೆ: ಋಣಸಂಖ್ಯೆಯಂತೆ ಕಾಣುವ ಆಯ್ಕೆಯನ್ನು ನೀವು ಘೋಷಿಸಿಲ್ಲದಿದ್ದರೆ ಅದನ್ನು ಬೆಲೆ ಎಂದೇ ತಿಳಿಯುತ್ತದೆ. ಆದರೆ ಎರಡು ಸ್ಥಾನಗಳನ್ನು ಸೇರಿಸಿ --ಸ್ಥಳ -1280,0 ಎಂದು ಬರೆದಿರೋ, ಅಲ್ಪವಿರಾಮ ಇರುವುದರಿಂದ ಅದು ಸಂಖ್ಯೆಯಂತೆ ಕಾಣುವುದಿಲ್ಲ, ‘ಸ್ಥಳಕ್ಕೆ ಬೆಲೆ ಬೇಕಿತ್ತು’ ಎಂಬ ದೋಷ ಬರುತ್ತದೆ. --ಸ್ಥಳ=-1280,0 ಎಂದು ಅಂಟಿಸಿದರೆ ಸರಿಹೋಗುತ್ತದೆ. ಆಯ್ಕೆಗಳು ಮುಗಿದವು ಎಂದು ಸಾರಲು ಬರೀ ಎರಡು ಹೈಫನ್‌ಗಳನ್ನು ಒಂಟಿಯಾಗಿ ಬರೆಯುವ ರೂಢಿಯೂ ಇದೆ. ಹೈಫನ್‌ನಿಂದ ಶುರುವಾಗುವ ಫೈಲ್ ಹೆಸರುಗಳಿಗೆ ಅದೇ ಗತಿ.

ಹೌದು, ಅಲ್ಲ ಎಂಬ ಆಯ್ಕೆಗಳ ಬಗ್ಗೆ ಎರಡೇ ಮಾತು. ಆರ್ಗ್‌ಪಾರ್ಸ್‌ನಲ್ಲಿ ಬೆಲೆಯ ಮಾದರಿ ಬೂಲ್ ಎಂದಿಟ್ಟು ‘ಫಾಲ್ಸ್’ (ಸುಳ್ಳು) ಎಂದು ಕೊಟ್ಟರೆ ಸಿಗುವುದು ‘ನಿಜ’ ಎಂಬ ಬೆಲೆ. ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಅದಕ್ಕೆ ನಿಜವೇ. ಪೈಥಾನ್ 3.9ರಿಂದ ಒಂದೇ ಘೋಷಣೆಯಲ್ಲಿ ಆಯ್ಕೆಯನ್ನೂ ಅದರ ನಿರಾಕರಣೆಯನ್ನೂ ಪಡೆಯುವ ಸೌಲಭ್ಯವಿದೆ. ಡೀಫಾಲ್ಟ್ ನನ್ ಎಂದಿಟ್ಟರೆ ಬೇಕು, ಬೇಡ, ಹೇಳಲಿಲ್ಲ ಎಂಬ ಮೂರೂ ಸ್ಥಿತಿ ಉಳಿಯುತ್ತವೆ.

ಸ್ಕ್ರಿಪ್ಟ್ ತಲುಪುವ ಮೊದಲೇ

ಎಷ್ಟೋ ಸಲ ಆರ್ಗ್ಯುಮೆಂಟ್ ಸ್ಕ್ರಿಪ್ಟ್‌ವರೆಗೆ ಬರುವುದೇ ಇಲ್ಲ, ದಾರಿಯಲ್ಲೇ ಕರಗಿಹೋಗಿರುತ್ತದೆ. ಕಮಾಂಡುಗಳನ್ನು ಓದಿ ನಡೆಸುವ ಶೆಲ್‌ನಲ್ಲಿ ಒಂದು ವೇರಿಯಬಲ್‌ನಲ್ಲಿ ಶೀರ್ಷಿಕೆ ಇಟ್ಟು, ಉಲ್ಲೇಖ ಚಿಹ್ನೆ ಹಾಕದೆ ಅದನ್ನು --ಶೀರ್ಷಿಕೆ ಎಂಬುದರ ಮುಂದೆ ಬರೆದಿದ್ದೀರಿ, ಆಮೇಲೆ --ಅಗಲ 900 ಇದೆ. ವೇರಿಯಬಲ್ ಖಾಲಿಯಾಗಿದ್ದ ದಿನ ಶೆಲ್ ಆ ಜಾಗವನ್ನೇ ಮುಚ್ಚಿಬಿಡುತ್ತದೆ. ಆರ್ಗ್ಯುಮೆಂಟ್‌ಗಳನ್ನು ಬಿಡಿಸುವ ಕೆಲವು ಪಾರ್ಸರ್‌ಗಳು ಆಗ ಶೀರ್ಷಿಕೆ ಎಂದರೆ ‘--ಅಗಲ’ ಎಂಬ ಸ್ಟ್ರಿಂಗ್ ಎಂದು ತಿಳಿದು, 900ನ್ನು ಅನಾಥವಾಗಿ ಬಿಡುತ್ತವೆ. ಉಲ್ಲೇಖ ಚಿಹ್ನೆಯೊಳಗೆ ಇಟ್ಟಿದ್ದರೆ ಖಾಲಿಯೂ ಒಂದು ಆರ್ಗ್ಯುಮೆಂಟ್ ಆಗಿಯೇ ತಲುಪುತ್ತಿತ್ತು.

ಡೀಫಾಲ್ಟ್ ತುಂಬುವ ವಿಷಯದಲ್ಲಿ ಶೆಲ್ ಮಾತ್ರ ಅಚ್ಚರಿಯಾಗುವಷ್ಟು ಸ್ಪಷ್ಟ. ವೇರಿಯಬಲ್‌ನ ಹೆಸರಿನ ನಂತರ ಹೈಫನ್ ಹಾಕಿ ಡೀಫಾಲ್ಟ್ ಬರೆದರೆ, ವೇರಿಯಬಲ್ ಇಲ್ಲವೇ ಇಲ್ಲದಾಗ ಮಾತ್ರ ಅದು ಬಳಕೆಯಾಗುತ್ತದೆ. ಹೈಫನ್‌ಗೆ ಮೊದಲು ಒಂದು ಕೋಲನ್ ಸೇರಿಸಿದರೆ, ವೇರಿಯಬಲ್ ಇದ್ದು ಖಾಲಿಯಾಗಿದ್ದಾಗಲೂ ಬಳಕೆಯಾಗುತ್ತದೆ. ಇಡೀ ಲೇಖನದ ವ್ಯತ್ಯಾಸವನ್ನು ಎರಡು ಚುಕ್ಕೆಯಲ್ಲಿ ಹಿಡಿದಿಟ್ಟಿದ್ದಾರೆ. ಜನ ಮಾತ್ರ ಅಭ್ಯಾಸಬಲದಿಂದ ಎಲ್ಲ ಕಡೆಯೂ ಕೋಲನ್ ಹಾಕುತ್ತಾರೆ.

ವಿಂಡೋಸ್‌ನಲ್ಲಿ ಕಥೆ ಬೇರೆ. ಯುನಿಕ್ಸ್ ವ್ಯವಸ್ಥೆಗಳಲ್ಲಿ ಹೊಸ ಪ್ರೋಗ್ರಾಂಗೆ ಹೋಗುವುದು ಬಿಡಿಬಿಡಿಯಾದ ಸ್ಟ್ರಿಂಗ್‌ಗಳ ಪಟ್ಟಿ. ವಿಂಡೋಸ್‌ನಲ್ಲಿ ಹೋಗುವುದು ಒಂದೇ ಉದ್ದನೆಯ ಸ್ಟ್ರಿಂಗ್, ಹೆಚ್ಚೆಂದರೆ 32,767 ಅಕ್ಷರಗಳದ್ದು. ಅದನ್ನು ತುಂಡು ಮಾಡಿಕೊಳ್ಳುವುದು ಆಯಾ ಪ್ರೋಗ್ರಾಂನ ಪಾಡು. ತುಂಡು ಮಾಡುವ ಸಾಮಾನ್ಯ ನಿಯಮದಲ್ಲಿ ಉಲ್ಲೇಖ ಚಿಹ್ನೆಯ ಹಿಂದೆ ಒಂದು ಬ್ಯಾಕ್‌ಸ್ಲ್ಯಾಷ್ ಇದ್ದರೆ ಆ ಚಿಹ್ನೆ ಬರೀ ಅಕ್ಷರವಾಗುತ್ತದೆ. ಈಗ ಫೋಲ್ಡರ್ ಹೆಸರಿನ ಕೊನೆಗೆ ಬ್ಯಾಕ್‌ಸ್ಲ್ಯಾಷ್ ಇಟ್ಟು ಉಲ್ಲೇಖ ಮುಚ್ಚಿದವರ ಪಾಡು ನೋಡಿ:

ಜೋಡಿಸು ಎಡಿಟರ್ --ಫೋಲ್ಡರ್ "ಸಿ:\ನನ್ನ ಕೆಲಸ\" --ಅಗಲ 900

ಮುಚ್ಚುವ ಚಿಹ್ನೆ ಮುಚ್ಚಲಿಲ್ಲ. ಫೋಲ್ಡರ್‌ನ ಹೆಸರು ಸಾಲಿನ ಕೊನೆಯವರೆಗೂ ಹರಿದು, --ಅಗಲ 900 ಕೂಡ ಅದರ ಭಾಗವಾಯಿತು. ಅಗಲವನ್ನು ಯಾರೂ ಕೊಟ್ಟೇ ಇಲ್ಲ ಎಂದು ಸ್ಕ್ರಿಪ್ಟ್ ಪ್ರಾಮಾಣಿಕವಾಗಿ ನಂಬುತ್ತದೆ. ಪರಿಹಾರ ಸುಲಭ, ಬ್ಯಾಕ್‌ಸ್ಲ್ಯಾಷ್ ಎರಡು ಸಲ ಬರೆಯುವುದು ಅಥವಾ ಬಿಟ್ಟೇಬಿಡುವುದು. ಕಾರಣ ಹೊಳೆಯುವುದು ಕಷ್ಟ.

ಮೈಕ್ರೋಸಾಫ್ಟ್‌ನ ಶೆಲ್ ಆದ ಪವರ್‌ಶೆಲ್ ಹಿಂದೆ ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಖಾಲಿ ಆರ್ಗ್ಯುಮೆಂಟನ್ನು ದಾರಿಯಲ್ಲೇ ಉದುರಿಸುತ್ತಿತ್ತು. 7.3ರಿಂದ ಈಚೆಗೆ ಅದು ಸರಿಹೋಗಿದೆ.

ಬೆಲೆ ತುಂಬುವುದು ಎಲ್ಲಿ, ಯಾವಾಗ

ಕೊನೆಗೆ ಯಾವುದೋ ಒಂದು ಘಟ್ಟದಲ್ಲಿ ಡೀಫಾಲ್ಟ್ ತುಂಬಲೇಬೇಕು. ಅದನ್ನು ಆದಷ್ಟು ತಡವಾಗಿ, ಒಂದೇ ಜಾಗದಲ್ಲಿ ಮಾಡುವುದು ಒಳ್ಳೆಯದು ಎಂಬುದಕ್ಕೆ ಕಾರಣವಿದೆ. ಸ್ಕ್ರಿಪ್ಟ್ ಬೆಳೆದಂತೆ ಬೆಲೆಗಳು ಬರುವ ಮೂಲಗಳೂ ಬೆಳೆಯುತ್ತವೆ: ಕಮಾಂಡಿನಲ್ಲಿ ಬರೆದದ್ದು, ಪರಿಸರ ವೇರಿಯಬಲ್‌ನಲ್ಲಿ ಇಟ್ಟದ್ದು, ಕಾನ್ಫಿಗ್ ಫೈಲಿನಲ್ಲಿರುವುದು, ಸ್ಕ್ರಿಪ್ಟ್‌ನಲ್ಲೇ ಬರೆದ ಡೀಫಾಲ್ಟ್. ಹೆಚ್ಚು ಹತ್ತಿರದಿಂದ ಹೇಳಿದ ಮಾತು ಗೆಲ್ಲಬೇಕು. ಕಮಾಂಡನ್ನು ಓದುವಾಗಲೇ ಅಗಲಕ್ಕೆ 800 ಎಂದು ಡೀಫಾಲ್ಟ್ ತುಂಬಿಬಿಟ್ಟರೆ, ಆ 800 ‘ಕಮಾಂಡಿನಿಂದ ಬಂದದ್ದು’ ಎಂಬ ವೇಷ ತೊಟ್ಟು ಕಾನ್ಫಿಗ್ ಫೈಲಿನ 1000ವನ್ನು ಸೋಲಿಸುತ್ತದೆ. ಫೈಲಿನಲ್ಲಿ ಏನು ಬರೆದರೂ ಲೆಕ್ಕಕ್ಕಿಲ್ಲ ಎಂದು ಬಳಸುವವರು ತಲೆ ಕೆರೆದುಕೊಳ್ಳುತ್ತಾರೆ.

ಆರ್ಗ್‌ಪಾರ್ಸ್‌ನಲ್ಲಿ ಡೀಫಾಲ್ಟ್ ಜಾಗಕ್ಕೆ ಸಪ್ರೆಸ್ ಎಂಬ ವಿಶೇಷ ಬೆಲೆ ಕೊಟ್ಟರೆ, ಬರೆಯದ ಆಯ್ಕೆ ಫಲಿತಾಂಶದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆಗ ಕಮಾಂಡಿನಿಂದ ಸಿಗುವುದು ನಿಜವಾಗಿ ಹೇಳಿದ್ದರ ಪಟ್ಟಿ ಮಾತ್ರ. ಅಂಥ ಪಟ್ಟಿಗಳನ್ನು ಆದ್ಯತೆಯ ಕ್ರಮದಲ್ಲಿ ಒಂದರ ಹಿಂದೆ ಒಂದು ಜೋಡಿಸಿ ಹುಡುಕಲು ಪೈಥಾನ್‌ನ ಚೈನ್‌ಮ್ಯಾಪ್ ಇದೆ. ಮೊದಲ ಪಟ್ಟಿಯಲ್ಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಮುಂದಿನದು. ಪವರ್‌ಶೆಲ್‌ನಲ್ಲಿ ಯಾವ ಪ್ಯಾರಾಮೀಟರ್‌ಗಳನ್ನು ಕರೆದವರು ನಿಜವಾಗಿ ಕೊಟ್ಟಿದ್ದಾರೆ ಎಂಬುದನ್ನು ಪಿಎಸ್‌ಬೌಂಡ್‌ಪ್ಯಾರಾಮೀಟರ್ಸ್ ಎಂಬ ಸಿದ್ಧ ಪಟ್ಟಿ ಹೇಳುತ್ತದೆ.

ತಡವಾಗಿ ತುಂಬುವುದರ ಇನ್ನೊಂದು ಲಾಭ, ಒಂದು ಬೆಲೆ ಇನ್ನೊಂದನ್ನು ನೋಡಿ ತೀರ್ಮಾನವಾಗಬಹುದು. ವಿಂಡೋ ಈಗಷ್ಟೇ ಹುಟ್ಟಿದ್ದರೆ ಹೇಳದ ಎತ್ತರಕ್ಕೆ 700 ಇರಲಿ. ಆಗಲೇ ತೆರೆದಿದ್ದರೆ ಇದ್ದಷ್ಟೇ ಇರಲಿ. ಅಗಲ ಹೇಳಿ ಎಡ ಹೇಳದಿದ್ದರೆ, ಹಿಗ್ಗಿದ ವಿಂಡೋ ಪರದೆಯಿಂದ ಹೊರಗೆ ಚಾಚುವುದಾದರೆ ಎಡಕ್ಕೆ ಸರಿಸು. ಎಡವನ್ನೂ ಅವರೇ ಹೇಳಿದ್ದರೆ ಚಾಚಿದರೂ ಸರಿ, ಅವರ ಮಾತು ನಡೆಯಲಿ. ಇವೆಲ್ಲ ವಿಂಡೋ ಕೈಗೆ ಸಿಕ್ಕ ಮೇಲೆ, ಪರದೆಯ ಅಳತೆ ತಿಳಿದ ಮೇಲೆ ಮಾತ್ರ ಆಗುವ ತೀರ್ಮಾನಗಳು. ಓದುವ ಹಂತದಲ್ಲಿ ಸ್ಕ್ರಿಪ್ಟ್‌ಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಉದಾರತೆ ಇಷ್ಟು ಸಾಕು. ಗುರುತಿಲ್ಲದ ಆಯ್ಕೆಯನ್ನು ಕಂಡೂ ಕಾಣದಂತೆ ದಾಟಿಹೋಗುವ ಸ್ಕ್ರಿಪ್ಟ್‌ಗಳನ್ನು ನಾನು ನಂಬುವುದಿಲ್ಲ. --ಅಗಲ ಎನ್ನುವ ಬದಲು --ಅಗಳ ಎಂದು ಬರೆದವರಿಗೆ ಅಲ್ಲೇ ದೋಷ ತೋರಿಸಿ ನಿಲ್ಲಬೇಕು. ಯಾರೂ ನೋಡದ ಹೊತ್ತಿನಲ್ಲಿ ಮೌಸ್ ಕ್ಲಿಕ್ ಮಾಡುವ ಸ್ಕ್ರಿಪ್ಟ್ ತಪ್ಪು ಅಳತೆಯ ವಿಂಡೋದಲ್ಲಿ ತಪ್ಪು ಬಟನ್ ಒತ್ತುವುದಕ್ಕಿಂತ ಅದು ಮೇಲು. ಆಯ್ಕೆಯ ಹೆಸರನ್ನು ಅರ್ಧ ಬರೆದರೂ ಆರ್ಗ್‌ಪಾರ್ಸ್ ಪೂರ್ತಿ ಮಾಡಿಕೊಳ್ಳುತ್ತದೆ, ‘ಲಾ’ದಿಂದ ಶುರುವಾಗುವ ಆಯ್ಕೆ ಒಂದೇ ಇದ್ದರೆ ಇವತ್ತು --ಲಾ ಎಂದರೆ --ಲಾಗ್. ನಾಳೆ ನೀವು --ಲಾಕ್ ಎಂಬ ಆಯ್ಕೆ ಸೇರಿಸಿದರೆ ಶೆಡ್ಯೂಲರ್‌ನಲ್ಲಿ ಕೂತಿರುವ ಹಳೆಯ ಕಮಾಂಡ್ ಗೊಂದಲದ ದೋಷ ಕೊಟ್ಟು ನಿಲ್ಲುತ್ತದೆ. ಪೈಥಾನ್ 3.5ರಿಂದ ಈ ಸೌಲಭ್ಯವನ್ನು ಮುಚ್ಚಬಹುದು, ಮುಚ್ಚಿಡಿ.

ಓದುವ ಭಾಗವನ್ನು ಮಾಡುವ ಭಾಗದಿಂದ ಬೇರೆ ಫಂಕ್ಷನ್ ಆಗಿ ಇಟ್ಟರೆ ವಿಂಡೋ ತೆರೆಯದೆಯೇ ಎಲ್ಲವನ್ನೂ ಪರೀಕ್ಷಿಸಬಹುದು: ಸೊನ್ನೆ ಕೊಟ್ಟರೆ, ಖಾಲಿ ಕೊಟ್ಟರೆ, ಋಣಸಂಖ್ಯೆ ಕೊಟ್ಟರೆ, ಏನೂ ಕೊಡದಿದ್ದರೆ. ಜೊತೆಗೆ --ತೋರಿಸು ಎಂಬ ಒಂದು ಆಯ್ಕೆ ಇರಲಿ. ಅದು ಏನನ್ನೂ ಮಾಡದೆ, ತೀರ್ಮಾನವಾದ ಬೆಲೆಗಳನ್ನೂ ಪ್ರತಿಯೊಂದೂ ಎಲ್ಲಿಂದ ಬಂತು ಎಂಬುದನ್ನೂ ಮುದ್ರಿಸಿ ಸುಮ್ಮನಾಗುತ್ತದೆ.

ಅಗಲ: 900, ಕಮಾಂಡಿನಿಂದ
ಎತ್ತರ: ಬದಲಾಯಿಸುವುದಿಲ್ಲ, ಹೇಳಿಲ್ಲ
ಎಡ: 0, ಕಾನ್ಫಿಗ್ ಫೈಲಿನಿಂದ
ಕಾಯು: 10, ಡೀಫಾಲ್ಟ್
ಶೀರ್ಷಿಕೆ: ಖಾಲಿ, ಕಮಾಂಡಿನಿಂದ

ಕೊನೆಯ ಸಾಲಿನಲ್ಲಿ ‘ಖಾಲಿ’ ಮತ್ತು ‘ಕಮಾಂಡಿನಿಂದ’ ಎಂಬ ಎರಡೂ ಪದಗಳು ಒಟ್ಟಿಗೆ ಬಂದಿವೆಯೇ ನೋಡಿಕೊಳ್ಳಿ. ಬರದಿದ್ದರೆ ಆ ಖಾಲಿ ಎಲ್ಲಿ ಕಳೆದುಹೋಯಿತು ಎಂದು ಶೆಲ್‌ನಿಂದ ಶುರುಮಾಡಿ ಹುಡುಕುತ್ತ ಬರಬೇಕು.